ಹೊನ್ನೂರಮ್ಮನ ಕೈ ಸೇರಿದ ಕರಣೆ

ನಾನು ಒಂದು ಕರಣೆ. ಗಾರೆ ಎತ್ತಿ, ಹರಡಿ, ಕೆರೆದು ಸವೆಯುವ ಜಾತಿ ನಮ್ಮದು. ಹುಟ್ಟಿದ್ದು ಚಳ್ಳಕೆರೆ ಹತ್ತಿರದ ಒಂದು ಕುಲುಮೆಯಲ್ಲಿ. ಮುರಿದ ಲಾರಿಯ ಪಟ್ಟಿಯನ್ನು ಕೆಂಪಗೆ ಕಾಸಿ, ಬಡಿದು ಬಡಿದು ನನ್ನನ್ನು ಮಾಡಿದರು. ಅಯ್ಯಪ್ಪಾ, ಆ ಏಟುಗಳೇ! ಅದಕ್ಕಿಂತ ದೊಡ್ಡ ಪೆಟ್ಟು ಈ ಜನ್ಮದಲ್ಲಿ ಇನ್ನಿಲ್ಲ ಅಂದುಕೊಂಡಿದ್ದೆ. ಎಂಥ ಪೆದ್ದು ನಾನು!

ನನ್ನನ್ನು ಕೊಂಡವರು ಗಾರೆ ಮೇಸ್ತ್ರಿ ಪಾಲಯ್ಯ. ಮೊದಲ ದಿನವೇ ನನಗೆ ವಿಭೂತಿ ಬಳಿದು, ಕೆಲಸದವರಿಗೆಲ್ಲ ಕೇಳುವಂತೆ ಹೇಳಿದರು: "ಇದನ್ನ ಹೆಂಗಸ್ರು ಮುಟ್ಟಂಗಿಲ್ಲ. ಮುಟ್ಟಿದ್ರೆ ಗೋಡೆ ನಿಲ್ಲಲ್ಲ." ನಾನು ನಂಬಿದೆ. ಹೊಸ ಕಬ್ಬಿಣ, ಬುದ್ಧಿ ಎಲ್ಲಿಂದ ಬರಬೇಕು?

ಅವರ ಕೈಕೆಳಗೆ ಹೊನ್ನೂರಮ್ಮ ಎಂಬ ಹೆಂಗಸು ಹದಿನಾಲ್ಕು ವರ್ಷದಿಂದ ಬಾಂಡ್ಲಿಯಲ್ಲಿ ಗಾರೆ ಹೊರುತ್ತಿದ್ದಳು. ಬಾಂಡ್ಲಿ ಇಳಿಸಿದ ಮೇಲೂ ಹೋಗದೆ, ಪಾಲಯ್ಯ ಇಟ್ಟಿಗೆ ಕೂರಿಸುವುದನ್ನೇ ನೋಡುತ್ತ ನಿಲ್ಲುವಳು. "ಒಂದ್ ಗೋಡೆ ನಾನು ಎಬ್ಬಸ್ಬೇಕಣ್ಣ. ಜನ ನನ್ನ ಮೇಸ್ತ್ರಿ ಅನ್ಬೇಕು," ಅಂದಳು ಒಮ್ಮೆ. ಪಾಲಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಪಾಲಯ್ಯನವರ ಕಣ್ಣಿಗೆ ಪೊರೆ ಬಂತು. ಯಾರಿಗೂ ಹೇಳಲಿಲ್ಲ. ಗಾರೆ ಹಾಕಲು ಹೋಗಿ ನನ್ನನ್ನು ಇಟ್ಟಿಗೆ ಸಾಲು ನೇರ ಬರಲೆಂದು ಕಟ್ಟಿದ ದಾರಕ್ಕೆ ತಗುಲಿಸುವರು. ಹೊನ್ನೂರಮ್ಮ ಬಾಂಡ್ಲಿ ಇಳಿಸುವ ನೆಪದಲ್ಲಿ ಬಗ್ಗಿ, "ಅಣ್ಣ, ಎರಡು ನೂಲು ಹೊರಗೈತೆ" ಎಂದು ಪಿಸುಗುಟ್ಟುವಳು. ನೂಲು ಅಂದರೆ ಅಂಗುಲದ ಎಂಟನೇ ಒಂದು ಪಾಲು. ಅವರು ಸುಮ್ಮನೆ ಕೆಮ್ಮಿ, ನನ್ನ ಹಿಡಿಯಿಂದ ಇಟ್ಟಿಗೆ ತಟ್ಟಿ ಸರಿಮಾಡುವರು. ಎರಡು ವರ್ಷ ಹೀಗೇ ನಡೆಯಿತು. ಬರಿಗಣ್ಣಿಗೆ ಅಷ್ಟು ಲೆಕ್ಕ ಸಿಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ!

ಒಂದು ಶೇಂಗಾ ಗೋದಾಮಿನ ಹಿಂದಿನ ಗೋಡೆ ಇವರಿಬ್ಬರ ಪಾಲಿಗೆ ಬಂದಿತ್ತು. ಆ ದಿನ ಪಾಲಯ್ಯನವರಿಗೆ ಜ್ವರ. ಬೇವಿನ ಮರದಡಿ ಕಂಬಳಿ ಹೊದ್ದು ಮಲಗಿಬಿಟ್ಟರು. ಹೊನ್ನೂರಮ್ಮ ಅತ್ತಿತ್ತ ನೋಡಿದವಳೇ ನನ್ನನ್ನು ಎತ್ತಿಕೊಂಡಳು! ಮುಗಿಯಿತು, ಗೋಡೆ ಬಿತ್ತು ಅಂದುಕೊಂಡೆ. ಸಿಮೆಂಟು ತಿಂದು ಬಿರುಕುಬಿಟ್ಟ ಕೈ ಅದು, ಒಂದಿಷ್ಟೂ ನಡುಗಲಿಲ್ಲ. ಸಂಜೆಯ ಹೊತ್ತಿಗೆ ಗೋಡೆ ಎದೆಮಟ್ಟ ಎದ್ದಿತ್ತು.

ಮರುದಿನ ಬೆಳಿಗ್ಗೆ ಕಂಟ್ರಾಕ್ಟರ್ ಕರಿಬಸಪ್ಪ ಬಂದು ತೂಗುಗುಂಡು ಇಳಿಬಿಟ್ಟು ನೋಡಿದರು. "ಭಲೇ ಪಾಲಯ್ಯ! ಕೂದಲೆಳೆಯಷ್ಟೂ ವಾಲಿಲ್ಲ ನೋಡು!"

ಪಾಲಯ್ಯ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರು ಗೋಡೆಯನ್ನೊಮ್ಮೆ ಅಂಗೈಯಿಂದ ಸವರಿ, "ಸಾಮಿ, ನನಗೆ ಕಣ್ಣು ಕಾಣ್ಸಲ್ಲ, ಎರಡು ವರ್ಷ ಆತು. ಇದನ್ನ ಕಟ್ಟಿದ್ದು ಹೊನ್ನೂರಮ್ಮ," ಅಂದುಬಿಟ್ಟರು. ಬಾಂಡ್ಲಿ ಹೊತ್ತು ಬರುತ್ತಿದ್ದ ಹೊನ್ನೂರಮ್ಮ ನಿಂತಲ್ಲೇ ನಿಂತಳು.

ಕರಿಬಸಪ್ಪನವರ ಮುಖ ಕಪ್ಪಿಟ್ಟಿತು. "ಒಡೀರಿ ಅದನ್ನ," ಅಂದರು.

"ನೆಟ್ಟಗೈತಲ್ಲ ಸಾಮಿ!" ಅಂದರು ಪಾಲಯ್ಯ.

"ನೆಟ್ಟಗಿದ್ರೇನು? ಹೆಂಗಸು ಕಟ್ಟಿದ್ದು ಅಂತ ಗೊತ್ತಾದ್ರೆ ಸಾವ್ಕಾರ್ರು ಇಲ್ಲಿ ಮೂಟೆ ಇಳಿಸ್ತಾರಾ?"

ಸೊಟ್ಟ ಗೋಡೆ ಒಡೆಯುವುದನ್ನು ಎಷ್ಟೋ ಸಲ ಕಂಡಿದ್ದೆ. ಆಗಷ್ಟೇ ಭಲೇ ಅಂದ ಬಾಯಿಯೇ ನೆಟ್ಟಗಿನ ಗೋಡೆಯನ್ನು ಒಡೆಸುವುದನ್ನು ಕಂಡಿರಲಿಲ್ಲ. ಇದೆಂಥ ಅನ್ಯಾಯ! ಸಮ್ಮಟಿಗೆಯ ಏಟಿಗೆ ಗೋಡೆ ಸುಲಭಕ್ಕೆ ಬಗ್ಗಲೂ ಇಲ್ಲ. ಇಬ್ಬರು ಗಟ್ಟಿ ಆಳುಗಳಿಗೆ ಮಧ್ಯಾಹ್ನದವರೆಗೂ ಬೆವರಿಳಿಯಿತು. ಕೊನೆಯ ಇಟ್ಟಿಗೆ ಬಿದ್ದಾಗ ಪಾಲಯ್ಯ ತಡಕಾಡುತ್ತ ಬಂದು, ಎಲ್ಲರ ಎದುರಿಗೇ ನನ್ನನ್ನು ಹೊನ್ನೂರಮ್ಮನ ಕೈಗೆ ಕೊಟ್ಟರು. "ಹೆಂಗಸ್ರು ಮುಟ್ಟಿದ್ರೆ ಗೋಡೆ ನಿಲ್ಲಲ್ಲ ಅಂದಿದ್ದು ಸುಳ್ಳು ತಾಯಿ. ಇದು ಇನ್ ನಿಂದು."

ಹೀಗೆ ಹೊನ್ನೂರಮ್ಮ ನನ್ನ ಒಡತಿಯಾದರು. ಒಂದು ವರ್ಷ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮೊದಲು ಪಾಲಯ್ಯನವರೇ ತಮ್ಮ ಬಚ್ಚಲುಮನೆಯ ಗೋಡೆ ಕಟ್ಟಿಸಿದರು. ಆಮೇಲೆ ಕೇರಿಯ ಹೆಂಗಸರು ಕರೆದರು, ಆಮೇಲೆ ಪಕ್ಕದ ಊರಿನವರು. ದುಡಿದು ದುಡಿದು ನಾನು ಅರ್ಧಕ್ಕರ್ಧ ಸವೆದೆ. ಮನೆಗೆ ಹೊಸ ಕರಣೆ ಬಂತು, ನನಗೆ ಕಿಟಕಿಯ ಮೂಲೆ ಸಿಕ್ಕಿತು. ಬೇಜಾರೇನಿಲ್ಲ, ಬೀದಿ ಚೆನ್ನಾಗಿ ಕಾಣುತ್ತದೆ.

ಮೊನ್ನೆ ಆ ಬೀದಿಯಲ್ಲಿ ಕರಿಬಸಪ್ಪ ಬಂದು ನಮ್ಮ ಬಾಗಿಲಲ್ಲಿ ನಿಂತರು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ!

"ಮಗಳಿಗೆ ಮನೆ ಕಟ್ಟಸ್ತಿದೀನಿ. ಗೋಡೆ ನೆಟ್ಟಗಿರ್ಬೇಕು. ನೀನೇ ಬಾರಮ್ಮ."

"ಕಟ್ಟಿದ್ದು ಯಾರು ಅಂತ ಜನ ಕೇಳಿದ್ರೆ ಏನಂತೀರಿ?"

ಅವರು ಹಿಂದೆ ಮುಂದೆ ನೋಡಿ, ಬಾಯೊಳಗೇ ಏನೋ ಅಂದರು.

"ಕೇಳಿಸ್ಲಿಲ್ಲ ಸಾಮಿ."

"ಹೊನ್ನೂರಮ್ಮ ಮೇಸ್ತ್ರಿ ಅಂತೀನಿ!" ಈ ಸಲ ನಲ್ಲಿಯ ಹತ್ತಿರದ ಹೆಂಗಸರೆಲ್ಲ ತಿರುಗಿ ನೋಡಿದರು.

"ಅಲ್ಲೂ ಇಷ್ಟೇ ಜೋರಾಗಿ ಅನ್ರಿ. ನಾಳೆ ಬರ್ತೀನಿ," ಅಂದು ಹೊನ್ನೂರಮ್ಮ ಬಾಗಿಲು ಹಾಕಿಕೊಂಡರು. ಹಾಗೇ ಬಾಗಿಲಿಗೆ ಒರಗಿ ಕುಳಿತರು. ಅಂದು ಗೋಡೆ ಒಡೆಯುವಾಗ ಒಂದು ಹನಿ ಕಣ್ಣೀರು ಹಾಕದವರು, ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ವರ್ಷ ಆ ಕೈಯಲ್ಲೇ ಇದ್ದ ನಾನು ದಂಗಾಗಿಹೋದೆ.