ಸ್ತ್ರಾದುನ್ ಬೀದಿಯಲ್ಲಿ ಕಾಣೆಯಾದ ಓರ್ಸಾತ್

ಐದು ದಿನದಿಂದ ಓರ್ಸಾತ್ ಎದುರಾಗಿರಲಿಲ್ಲ. ಯಾಕಿರಬಹುದೆಂದು ಲೂಕ್ರೆಗೆ ತಡೆಯಲಾರದಷ್ಟು ಕುತೂಹಲ; ಆದರೆ ಹೊರಗೆ ತೋರಿಸಿಕೊಳ್ಳುವ ಹಾಗಿಲ್ಲ.

ಸಂಜೆ ಸ್ತ್ರಾದುನ್ ಬೀದಿಯಲ್ಲಿ ಸುತ್ತು ಹಾಕದಿದ್ದರೆ ದುಬ್ರೋವ್ನಿಕ್‌ನವರಿಗೆ ಊಟ ಸೇರುವುದಿಲ್ಲ. ದೊಡ್ಡ ಕಾರಂಜಿಯಿಂದ ಗಡಿಯಾರದ ಗೋಪುರದವರೆಗೆ ಹೋಗುವುದು, ತಿರುಗುವುದು, ಮತ್ತೆ ಬರುವುದು. ಎಲ್ಲರೂ ಬಲಗಡೆಗೇ ನಡೆಯುವುದರಿಂದ ಎಲ್ಲರ ಮುಖವೂ ಎಲ್ಲರಿಗೂ ಸಿಕ್ಕೇ ಸಿಗುತ್ತದೆ. ತಿರುಗಬೇಕಾದದ್ದು ಬೀದಿಯ ತುದಿಯಲ್ಲೇ. ನಡುವೆ ತಿರುಗುವವರು ಒಂದೋ ಪರವೂರಿನವರು, ಇಲ್ಲ ಒಲೆ ಆರಿಸುವುದನ್ನು ಮರೆತು ಬಂದವರು. ಇನ್ನು ಹಿಂತಿರುಗಿ ನೋಡುವುದಂತೂ ಮಾನವಂತ ಹೆಂಗಸಿಗೆ ಸಲ್ಲದ ಕೆಲಸ. ಲೂಕ್ರೆಯ ಅಜ್ಜಿ ನೋಡಿದವಳಲ್ಲ, ತಾಯಿ ನೋಡಿದವಳಲ್ಲ. ಅರವತ್ತೆಂಟು ವರ್ಷದಲ್ಲಿ ಲೂಕ್ರೆಯೂ ನೋಡಿರಲಿಲ್ಲ.

ಅವಳ ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ನಲವತ್ತು ವರ್ಷ ಹಡಗಿನ ಎಂಜಿನ್ ನೋಡಿಕೊಂಡು ಊರಿಗೆ ಮರಳಿದ್ದ ಓರ್ಸಾತ್, ಕಳೆದ ಚಳಿಗಾಲದಿಂದ ಪ್ರತಿ ಸುತ್ತಿನಲ್ಲೂ ಎರಡು ಸಲ ಅವಳಿಗೆ ಎದುರಾಗುತ್ತಿದ್ದ. ಮೊದಲ ಸಲ ಟೋಪಿ ಎತ್ತುತ್ತಿದ್ದ, ಎರಡನೆಯ ಸಲ ಬರಿಯ ಮುಗುಳ್ನಗೆ. ಅಷ್ಟೇ. ಅಷ್ಟಕ್ಕೇ ಅವಳು ಹೊರಡುವ ಮುಂಚೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ್ದಳು. ಈಗ ಬೀದಿ ತುಂಬ ಜನವಿದ್ದರೂ ಅವಳಿಗೆ ಬಿಕೋ ಎನ್ನುತ್ತಿತ್ತು. ಕಾಯಿಲೆ ಬಿದ್ದನೇ? ಮತ್ತೆ ಹಡಗು ಹತ್ತಿಬಿಟ್ಟನೇ? ತನ್ನ ಮುಖವೇ ಸಾಕಾಯಿತೇ?

ಕೇಳುವುದಾದರೂ ಯಾರನ್ನು? ಗಂಡು ಹೆಣ್ಣು ಜೊತೆಯಾಗಿ ಒಂದು ಸುತ್ತು ಹಾಕಿದರೆ ಸಾಕು, ಗೋಪುರ ಮುಟ್ಟುವಷ್ಟರಲ್ಲಿ ಮದುವೆ ಮಾಡಿ ಮುಗಿಸುವ ಊರು ಅದು.

ಆರನೆಯ ಸಂಜೆ ಕಾಫಿ ಅಂಗಡಿಯ ಹೊರಗಿದ್ದ ಬಾಲ್ಯದ ಗೆಳತಿ ಪಾವೆಯ ಪಕ್ಕ ಕುಳಿತಳು. ಪಾವೆಯ ಕಣ್ಣು ಹದ್ದಿನದು, ನಾಲಿಗೆ ಅದಕ್ಕಿಂತ ಚುರುಕು.

"ಈ ತೆಂಕಣ ಗಾಳಿ ಶುರುವಾದಾಗಿಂದ ಬೀದೀಲಿ ಜನಾನೇ ಕಮ್ಮಿ ಅಲ್ವೇನೇ?" ಲೂಕ್ರೆ ಮಾತು ತೆಗೆದಳು.

"ಜನ ಅಷ್ಟೇ ಇದಾರೆ. ನಿಂಗೆ ಯಾರು ಕಮ್ಮಿಯಾದ್ರು, ಅದನ್ನ ಹೇಳು."

"ಯಾರೂ ಇಲ್ಲಮ್ಮ. ಸುಮ್ನೆ ಕೇಳ್ದೆ."

ಪಾವೆ ಸಕ್ಕರೆ ಹಚ್ಚಿದ ಕಿತ್ತಳೆ ಸಿಪ್ಪೆಯನ್ನು ಬಾಯಿಗೆ ಹಾಕಿಕೊಂಡು ಕಿಸಕ್ಕನೆ ನಕ್ಕಳು. "ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳ್ಕೊಟ್ಯಲ್ಲೇ ಮಹಾರಾಯ್ತಿ! ಒಂದೇ ಬೀದೀಲಿ ಒಂದೇ ದಿಕ್ಕಿಗೆ ಹೋಗೋರು ಎದುರಾಗ್ತಾರೇನೇ?"

"ಅಂದ್ರೆ?"

"ಐದು ದಿನದಿಂದ ಓರ್ಸಾತ್ ನಿನ್ನ ಹಿಂದೇನೇ ಬರ್ತಿದಾರೆ. ಇಪ್ಪತ್ತು ಹೆಜ್ಜೆ ಹಿಂದಿದ್ರು, ಈಗ ಹದಿನೈದಕ್ಕೆ ಬಂದಿದಾರೆ. ನೀನು ತಿರುಗೋ ಹೊತ್ತಿಗೆ ಪಕ್ಕದ ಓಣಿಗೆ ನುಗ್ತಾರೆ, ನೀನು ದಾಟಿದ ಮೇಲೆ ಈಚೆ ಬರ್ತಾರೆ. ಎಪ್ಪತ್ತು ವರ್ಷದ ಗಂಡಸು! ನಿನ್ನೆ ಓಣೀಲಿ ಮೇಲೆ ಒಣಗೋಕೆ ಹಾಕಿದ್ದ ಯಾರದೋ ಒದ್ದೆ ಲಂಗ ತಲೆ ಮೇಲೆ ಬಿತ್ತಂತೆ. ಊರೆಲ್ಲ ನೋಡಿ ನಗ್ತಿದೆ, ನೋಡದೇ ಇರೋಳು ನೀನೊಬ್ಬಳೇ."

ಲೂಕ್ರೆಯ ಕಿವಿ ಬಿಸಿಯಾಯಿತು. ಕೋಪ ಬಂತು, ಅದರ ಬೆನ್ನಿಗೇ ಖುಷಿಯೂ ಬಂತು. "ಯಾಕಂತೆ?"

"ನನ್ನನ್ಯಾಕೆ ಕೇಳ್ತೀಯ? ಅವರನ್ನೇ ಕೇಳು ಹೋಗು."

ಲೂಕ್ರೆ ಎದ್ದು ನಡೆದಳು. ಜೀವವೆಲ್ಲ ಕಿವಿಯಲ್ಲಿತ್ತು. ತುಸು ಹೊತ್ತಿಗೆ ನುಣುಪಾದ ಕಲ್ಲಿನ ಮೇಲೆ ಒಂದು ಜೊತೆ ಬೂಟಿನ ಸದ್ದು ಬೇರೆಯಾಗಿ ಕೇಳಿಸಿತು. ಅವಳು ನಿಧಾನಿಸಿದರೆ ಅದೂ ನಿಧಾನಿಸಿತು. ನಿಂತರೆ ನಿಂತಿತು. ಹೀಗೇ ಹೋದರೆ ತುದಿಯಲ್ಲಿ ಮತ್ತೆ ಓಣಿ ಹೊಗುತ್ತಾನೆ, ನಾಳೆಯೂ ಇದೇ ಕತೆ. ತಿರುಗಿದರೆ ಊರೆಲ್ಲ ನೋಡುತ್ತದೆ. ನೋಡಲಿ ಎಂದುಕೊಂಡು ಬೀದಿಯ ನಟ್ಟನಡುವೆ ಗಿರಕ್ಕನೆ ತಿರುಗಿದಳು.

ಓರ್ಸಾತ್ ಗಾಬರಿಯಿಂದ ಓಣಿಯ ಕಡೆ ನೋಡಿದ. ಅದರ ಬಾಯಿಗೆ ಅಡ್ಡವಾಗಿ ಮಾತಾಡುತ್ತ ನಿಂತಿದ್ದ ಮೂವರು ಹೆಂಗಸರು ಬೇಕೆಂದೇ ಜರುಗಲಿಲ್ಲ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಇದೇನು ಓರ್ಸಾತ್ ಅವರೇ, ಕಳ್ಳನ ಹಾಗೆ?"

"ಎದುರಿಗೆ ಬಂದ್ರೆ ನೀವು ಎರಡೇ ಗಳಿಗೆ ಸಿಗ್ತೀರಿ. ಹಿಂದೆ ಬಂದ್ರೆ ಬೀದಿ ಉದ್ದಕ್ಕೂ ಸಿಗ್ತೀರಿ."

"ಪಕ್ಕದಲ್ಲಿ ಬಂದ್ರೆ?"

"ಅದಕ್ಕೆ ಧೈರ್ಯ ಸಾಲ್ಲಿಲ್ಲ. ದಿನಕ್ಕೊಂದು ಹೆಜ್ಜೆ ಹತ್ರ ಬರ್ತಿದ್ದೆ."

"ಇನ್ನೂ ಹದಿನೈದು ದಿನ ಕಾಯೋಕೆ ನಂಗೆ ಪುರುಸೊತ್ತಿಲ್ಲ" ಎಂದ ಲೂಕ್ರೆ, ಬಲತೋಳಿನ ಕೈಚೀಲವನ್ನು ಎಡತೋಳಿಗೆ ಬದಲಾಯಿಸಿಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು.