ನಾಲ್ಕನೇ ಕಲಂ

ಹೆಬ್ಬೆಟ್ಟಿಗೆ ಮಸಿ ಹತ್ತಿದ ಮೇಲೆ ಕರಿಯಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ಇನ್ನೊಂದ್ಸಲ ಓದಿ ಸ್ವಾಮಿ. ನಮ್ಮನೆಯವ್ರ ಎಸ್ರು ಬಂತಲ್ಲ, ಅದೊಂದು ಓದಿ."

ಹಳ್ಳಿಯವರ ವಕೀಲ ಮಲ್ಲಿಕಾರ್ಜುನಸ್ವಾಮಿ ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಾಡಿಗೆ ಕಟ್ಟಡದ ಆ ಜಿಲ್ಲಾ ಕಚೇರಿಯಲ್ಲಿ ಫ್ಯಾನಿನ ಕೊಕ್ಕೆ ಇತ್ತೇ ಹೊರತು ಫ್ಯಾನ್ ಇರಲಿಲ್ಲ. ಬೇಗೂರು ಪಕ್ಕದ ಹಳ್ಳಿಯಿಂದ ಬಂದ ಒಂಬತ್ತು ಮನೆಗಳ ಜನ ಬೆಳಗ್ಗೆ ಹತ್ತರಿಂದ ನೆಲದ ಮೇಲೆ ಕುಳಿತಿದ್ದರು. ಮೂರು ವರ್ಷದ ಹಿಂದೆ ಅವರ ಹೊಲಗಳ ಮೇಲೆ ಸರಕಿನ ವಿಮಾನವೊಂದು ಬಿದ್ದಿತ್ತು. ಅಂದಿನಿಂದ ಅವರು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿ, ಮೈಸೂರಿನ ಡಿ.ಸಿ. ಆಫೀಸು ಅಂತ ಅಲೆದದ್ದೇ ಅಲೆದದ್ದು. ಜಿಲ್ಲೆ ಎರಡಾದಾಗ ಅವರ ಫೈಲು ಮೈಸೂರಲ್ಲೇ ಉಳಿದುಕೊಂಡು, ಇಲ್ಲಿಗೆ ಬರಲು ಏಳು ತಿಂಗಳು ಹಿಡಿದಿತ್ತು. ಈಗ ವಿಮಾನದ ಕಂಪನಿಯೇ ರಾಜಿಗೆ ಬಂದಿತ್ತು.

"ನಾಲ್ಕನೇ ಕಲಂ," ವಕೀಲರು ದನಿ ತಗ್ಗಿಸಿ ಓದಿದರು. "ಮೃತ ಶಿವಮಲ್ಲು ಎಂಬಾತನು ವಿಮಾನ ಬಿದ್ದ ನಂತರ ಅದರಲ್ಲಿದ್ದ ಸರಕನ್ನು ಹೊತ್ತೊಯ್ಯುವ ಉದ್ದೇಶದಿಂದ ಸಮೀಪಕ್ಕೆ ಹೋಗಿ ಬೆಂಕಿಗೆ ಸಿಲುಕಿದ್ದು, ಆದಾಗ್ಯೂ ಕಂಪನಿಯು ಮಾನವೀಯತೆಯಿಂದ..."

"ಕದಿಯಕ್ಕೋಗಿದ್ರು ಅಂತಾನಾ?"

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. "ಅರ್ಥ ಅದೇ ತಾಯಿ."

ಎದುರು ಕುರ್ಚಿಯಲ್ಲಿದ್ದ ಕಂಪನಿಯ ಅಧಿಕಾರಿ ಗಡಿಯಾರ ನೋಡಿಕೊಂಡ. "ಹೆಣ ಸಿಕ್ಕಿದ್ದು ವಿಮಾನದ ಬಾಗಿಲ ಹತ್ರ ಅಮ್ಮ. ಏನೋ ಒಂದು ಕಾರಣ ಬರೀಬೇಕಲ್ಲ. ಒಂಬತ್ತು ಮನೆಯವರೂ ಒಪ್ಪಿದ್ರೆ ಮಾತ್ರ ರಾಜಿ. ಒಬ್ಬರು ಬಿಟ್ಟರೂ ಯಾರಿಗೂ ಇಲ್ಲ."

ಅಷ್ಟು ಸಾಕಾಯಿತು. ಎಲ್ಲರ ಮುಖವೂ ಅವಳ ಕಡೆ ತಿರುಗಿತು. ಮರಿಮಲ್ಲಪ್ಪನ ಬಾವಿಗೆ ವಿಮಾನದ ಎಣ್ಣೆ ಇಳಿದು, ಇವತ್ತಿಗೂ ನೀರು ಸೀಮೆಎಣ್ಣೆಯಂತೆ ನಾರುತ್ತಿತ್ತು. ಶಿವರುದ್ರಮ್ಮನ ಎಡಗೈ ಸುಟ್ಟು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಅವ್ನೇನು ಎದ್ದು ಬಂದು ಓದ್ತನಮ್ಮಿ?" ಎಂದ ಮರಿಮಲ್ಲಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. "ಒತ್ಬುಡು. ಎಲ್ರಿಗೂ ಸಾಕಾಗೋಗದೆ."

ಕರಿಯಮ್ಮನಿಗೂ ಸಾಕಾಗಿತ್ತು. ಒಂದೊಂದು ಸಲ ಕಚೇರಿಗೆ ಬಂದಾಗಲೂ ಒಂದು ದಿನದ ಕೂಲಿ ಹೋಗುತ್ತಿತ್ತು, ಮಂಡಿ ಊದಿಕೊಂಡಿತ್ತು. ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರೆ ಸಾಕು ಅನ್ನಿಸಿತು. ಶಿವಮಲ್ಲು ಕದಿಯುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅವನು ಅಲ್ಲಿಗೇಕೆ ಹೋದ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹಿಡಿದುಕೊಂಡು ಎಷ್ಟು ಜನರ ಕಣ್ಣೆದುರು ಕೂರುವುದು? ಮಸಿ ಹತ್ತಿದ ಹೆಬ್ಬೆಟ್ಟು ಮೆಲ್ಲಗೆ ಕಾಗದದ ಕಡೆ ಸರಿಯಿತು.

"ತಡಿಯವ್ವ," ಎಂದಿತು ಹಿಂದಿನಿಂದ ಒಂದು ದನಿ.

ಬಾಗಿಲ ಪಕ್ಕದಲ್ಲಿ ಪುಟ್ಟಮಾದಯ್ಯ ಎದ್ದು ನಿಂತಿದ್ದ. ಅವರದೇ ಬೀದಿಯವನು. ಆ ಬೆಂಕಿಯಲ್ಲಿ ಅವನ ಕುರಿದೊಡ್ಡಿ ಸುಟ್ಟುಹೋಗಿತ್ತು.

"ಶಿವಮಲ್ಲು ಕದಿಯಕ್ಕೋಗ್ಲಿಲ್ಲ. ಕದ್ದೋನು ನಾನು."

"ಏನ್ಲಾ ಅಂದೆ?" ಎಂದ ಮರಿಮಲ್ಲಪ್ಪ.

"ಇಮಾನ್ದೊಳ್ಗೊಬ್ಬ ಅರಚ್ತಾ ಗಾಜ್ಗೆ ಕೈ ಬಡೀತಿದ್ದ. ಎತ್ತು ಮೇಯಿಸ್ತಿದ್ದ ಶಿವಮಲ್ಲು ಕೊಡ್ಲಿ ಎತ್ಕಂಡು ಅತ್ತಗೆ ಓಡ್ದ. ನಾನೂ ಅವ್ನಿಂದೆ ಓಡ್ದೆ. ದಾರೀಲಿ ಬಟ್ಟೆ ಪೀಸ್ಗಳು ಚೆಲ್ಲಾಡಿದ್ವು. ಅಲ್ಲೇ ನಿಂತ್ಕಬುಟ್ಟೆ. ಎಲ್ಡು ಪೀಸು ಎತ್ತಿ ಕಂಕ್ಳಿಗೆ ಇಟ್ಕಂಡೆ. ತಲೆ ಎತ್ತೋಗಂಟ ಎಲ್ಲಾ ಉರಿದೋಗಿತ್ತು."

ಹೊರಗೆ ಮರದ ಕೆಳಗೆ ಟೈಪಿಸ್ಟನೊಬ್ಬ ಟೈಪು ಹೊಡೆಯುತ್ತಿದ್ದ.

"ಮೂರ್ವರ್ಸ ಬಾಯಿ ಬುಡ್ಲಿಲ್ವಲ್ಲೋ," ಶಿವರುದ್ರಮ್ಮ ಕೇಳಿದಳು.

"ಎದ್ರಿಕೆ. ಆ ಬಟ್ಟೇಲಿ ನಮ್ಮುಡ್ಗಿಗೆ ಲಂಗ ಒಲಿಸಾಗಿತ್ತು."

"ಇದನ್ನ ಬರೆದುಕೊಟ್ಟರೆ ನಿನ್ನ ಮೇಲೇ ಕೇಸಾಗಬಹುದು, ಗೊತ್ತಾ?" ಎಂದರು ವಕೀಲರು.

"ಆಗ್ಲಿ."

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ. ಒಪ್ಪಂದ ತಿದ್ದುವ ಅಧಿಕಾರ ತನಗಿಲ್ಲ, ಇದ್ದಂತೆಯೇ ಎಲ್ಲರೂ ಸಹಿ ಹಾಕಬೇಕು, ಇಲ್ಲದಿದ್ದರೆ ತಾನು ಹೊರಟೆ ಎಂದ. ಮಲ್ಲಿಕಾರ್ಜುನಸ್ವಾಮಿಯ ದನಿ ಮೊದಲ ಬಾರಿ ಏರಿತು.

"ಎಲ್ಲರನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಕು ಅಂತ ಯಾವ ಕಾನೂನಲ್ಲಿದೆ ಸಾರ್? ಬಾವಿ ಕೆಟ್ಟೋನ ಹಕ್ಕು ಅವನದು, ಗಂಡನ್ನ ಕಳಕೊಂಡೋಳ ಹಕ್ಕು ಇವಳದು. ಈಯಮ್ಮ ಒಪ್ಪಲಿಲ್ಲ ಅಂತ ಉಳಿದವರಿಗೆ ಕೊಡದೇ ಹೋದ್ರೆ, ಅದನ್ನೂ ಕೋರ್ಟಲ್ಲೇ ಹೇಳ್ತೀನಿ."

ಅಧಿಕಾರಿ ಎದುರಿನ ಎಸ್.ಟಿ.ಡಿ. ಬೂತಿಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದು, ಒಪ್ಪಿದವರಿಗಷ್ಟೇ ರಾಜಿ ಎಂದ. ಏಳು ಮನೆಯವರ ಸಹಿಯಾಯಿತು. ಕರಿಯಮ್ಮ ಮಸಿಯನ್ನು ಸೆರಗಿಗೆ ಒರೆಸಿಕೊಂಡಳು. ಪುಟ್ಟಮಾದಯ್ಯನ ಹೆಸರಿನ ಮೇಲೆ ಅಧಿಕಾರಿಯೇ ಗೆರೆ ಎಳೆದ. ಮರದ ಕೆಳಗಿನ ಟೈಪಿಸ್ಟನ ಬಳಿ ವಕೀಲರು ಕರಿಯಮ್ಮನ ಕೋರ್ಟು ಕೇಸಿಗೆಂದು ಅವನ ಹೇಳಿಕೆಯನ್ನು ಬರೆಸಿದರು. ಎರಡು ಪೀಸು ಬಟ್ಟೆಯನ್ನೂ ಸೇರಿಸಿ, ಅವನು ಹೇಳಿದಂತೆಯೇ. ಇನ್ನು ಕೇಸು ಎಷ್ಟು ವರ್ಷ ಎಂದು ಕರಿಯಮ್ಮ ಕೇಳಿದಳು. ವಕೀಲರು ಸುಳ್ಳು ಹೇಳಲಿಲ್ಲ.

ಊರಿನವರು ಮೊದಲ ಬಸ್ಸಿಗೇ ಹೊರಟುಹೋಗಿದ್ದರು. ಉಳಿದ ಇಬ್ಬರು ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಬಂದಾಗ ಹೊತ್ತಿಳಿದಿತ್ತು. ಬೇಗೂರು ಬಸ್ಸಿಗೆ ಕಾಯುತ್ತಾ ಕರಿಯಮ್ಮ ಕಲ್ಲುಬೆಂಚಿನ ಮೇಲೆ ಕುಳಿತಳು. ಪುಟ್ಟಮಾದಯ್ಯ ಅಷ್ಟು ದೂರದಲ್ಲಿ ಕಂಬಕ್ಕೊರಗಿ ನಿಂತ. ತಿಥಿಯ ದಿನ ಅವನು ತನ್ನ ಮನೆಗೆ ಬಂದು ತಲೆ ತಗ್ಗಿಸಿ ಉಂಡು ಹೋದದ್ದು ಅವಳಿಗೆ ನೆನಪಾಯಿತು. ಅವನ ಮೇಲೆ ಸಿಟ್ಟು ಬರಬೇಕು ಎಂದುಕೊಂಡಳು. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ತ್ರಾಣ ಬೇಕು.

"ಅಣ್ಣ," ಎಂದಳು. "ಓಡೋವಾಗ ಅವ್ರು ಏನಾರ ಅಂದ್ರಾ?"

ಪುಟ್ಟಮಾದಯ್ಯ ಕಂಬ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದ. "'ಎತ್ತುಗಳ್ನ ಇಡ್ಕೊ' ಅಂದ. ಅಷ್ಟೇ ಕಣವ್ವ."

"ಇಡ್ಕಂಡ್ಯಾ?"

"ಇಲ್ಲ. ಬುಟ್ಬುಟ್ಟೆ."

ಕರಿಯಮ್ಮ ತಲೆಯಾಡಿಸಿದಳು. ಆವತ್ತು ಎತ್ತುಗಳು ತಾವಾಗಿಯೇ ಮನೆಗೆ ಬಂದಿದ್ದವು. ಹಗ್ಗವನ್ನು ನೆಲಕ್ಕೆಳೆದುಕೊಂಡು ಬಾಗಿಲ ಮುಂದೆ ಬಂದು ನಿಂತಿದ್ದವು. ಗಂಡ ಹಿಂದೆಯೇ ಬರುತ್ತಿದ್ದಾನೆ ಅಂದುಕೊಂಡು ಅವಳು ಎರಡಕ್ಕೂ ಕಲಗಚ್ಚು ಇಟ್ಟು, ಒಂದರ ಬೆನ್ನ ಮೇಲೆ ಕೂತಿದ್ದ ಬೂದಿಯನ್ನು ಕೈಯಲ್ಲಿ ಒರೆಸಿದ್ದಳು.