ಅಡುಗೆಮನೆಯ ಉತ್ತರ

ಮಗಳು ಹಜಾರದ ಸೋಫಾವನ್ನು ಗೋಡೆಗೆ ತಳ್ಳುತ್ತಿದ್ದಳು. ಅಮ್ಮನನ್ನು ಮಲಗಿಸಲು ಜಾಗ ಸಾಲದು. ಬದುಕಿದ್ದಾಗ ಅಮ್ಮ ಆ ಸೋಫಾದ ಮೇಲೆ ಕೂತದ್ದನ್ನು ಯಾರೂ ನೋಡಿರಲಿಲ್ಲ. ಅದು ಅಪ್ಪನ ಜಾಗ, ಅಪ್ಪ ಇಲ್ಲದಾಗ ಅಣ್ಣನದು.

“ಅವಳಿಗೆ ಏನು ಕಮ್ಮಿ ಮಾಡಿದ್ದೆ ಹೇಳಿ? ಫ್ರಿಜ್ಜು, ಮಿಕ್ಸಿ, ಕಾರು...” ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ.

“ಹೌದು ಭಾವ, ರಾಣಿ ಥರ ಇಟ್ಕೊಂಡಿದ್ರಿ,” ಎಂದ ಚಿಕ್ಕಮ್ಮ, ಮಗಳ ಕಿವಿಯಲ್ಲಿ, “ಯಾವ ರಾಣಿ ಕಣೇ ಎಲ್ಲರದ್ದೂ ಆದ್ಮೇಲೆ ಪಾತ್ರೆ ಬಳ್ಕೊಂಡು ತಿಂತಾಳೆ?” ಎಂದಳು.

ಅಷ್ಟರಲ್ಲಿ, ಸಾವಿನ ಸುದ್ದಿ ತಿಳಿಯದೆ, ಈ ವರ್ಷದ ಲೆಕ್ಕಕ್ಕೆಂದು ಲೆಕ್ಕದಮ್ಮ ಬಂದಳು. ಅದು ಮನೆಯವರು ಇಟ್ಟ ಹೆಸರು. ಆದಾಯದಲ್ಲಿ ಯಾವ ಮನೆ ಮೇಲೆ ಬಂತು, ಯಾವುದು ಕೆಳಗಿಳಿಯಿತು ಎಂದು ತಿಳಿಯಲು ಅವಳ ಸಮೀಕ್ಷೆ ಕಚೇರಿ ವರ್ಷವರ್ಷವೂ ಅವಳನ್ನು ಅದೇ ಮನೆಗಳಿಗೆ ಕಳಿಸುತ್ತಿತ್ತು. ಈ ಮನೆ ಮೇಲೇರುತ್ತಲೇ ಇತ್ತು.

*

“ಮನೇಲಿ ಯಾರಾದ್ರೂ ಊಟ ಬಿಟ್ಟಿದ್ದುಂಟಾ?” ಎಂದು ಲೆಕ್ಕದಮ್ಮ ಹಿಂದೆಲ್ಲ ಹಜಾರದಲ್ಲಿ ಕೇಳಿದರೆ ಅಪ್ಪ ನಗುತ್ತಿದ್ದ. “ನಮ್ಮನೇಲಾ? ಸರಿಹೋಯ್ತು! ಹೊಟ್ಟೆ ತುಂಬ ಅಂತ ಬರ್ಕೊಳ್ಳಿ.”

ಒಮ್ಮೆ ಅವಳು ನೀರು ಕುಡಿಯಲು ಅಡುಗೆಮನೆಗೆ ಬಂದಾಗ ಅಮ್ಮ ದನಿ ತಗ್ಗಿಸಿ ಹೇಳಿದಳು: “ಮೇಡಂ, ಹಾಲು ಮೊಟ್ಟೆ ಎಲ್ಲ ಅಪ್ಪ-ಮಗ ಇಬ್ಬರಿಗೇ. ಉಳಿದ್ರೆ ನನಗೆ. ಹಲ್ಲುನೋವು ಅಂದ್ರೆ ‘ಆಮೇಲೆ ನೋಡೋಣ’ ಅಂತಾರೆ. ಇದನ್ನೂ ಬರ್ಕೊಳ್ಳಿ, ಅವರಿಗೆ ಹೇಳ್ಬೇಡಿ.”

ಲೆಕ್ಕದಮ್ಮನ ಪೆನ್ನು ಆಡಿತು. ಅಮ್ಮ ಅವತ್ತಿಡೀ ಗೆಲುವಾಗಿದ್ದಳು. “ಬರ್ಕೊಂಡ್ರು ಕಣೇ. ಎಲ್ಲೋ ಒಂದು ಕಡೆ ಇದೆಯಲ್ಲ, ಸಾಕು,” ಎಂದಳು ಮಗಳಿಗೆ. ಆಮೇಲೆ ಪ್ರತಿ ವರ್ಷವೂ ಅವಳ ದಾರಿ ಕಾಯುತ್ತಿದ್ದಳು.

*

ಮಗಳು ಲೆಕ್ಕದಮ್ಮನನ್ನು ಅಡುಗೆಮನೆಗೆ ಕರೆದೊಯ್ದಳು.

“ಅಮ್ಮ ಹೇಳಿದ್ದೆಲ್ಲ ನಿಮ್ಮ ಕಚೇರೀಲಿ ಇದೆಯಲ್ಲ? ಅದನ್ನ ನೀವೇ ಬಂದು ಅಪ್ಪನ ಮುಂದೆ ಹೇಳಿ. ಅವಳನ್ನ ಎತ್ತೋದ್ರೊಳಗೆ.”

ಲೆಕ್ಕದಮ್ಮ ತಲೆ ತಗ್ಗಿಸಿದಳು. “ಇಲ್ಲಮ್ಮ. ಮನೆಗೆ ಒಂದೇ ಉತ್ತರ. ಯಜಮಾನರು ಹೇಳಿದ್ದೇ ಕಚೇರಿಗೆ ಹೋಗೋದು.”

“ಮತ್ತೆ ಬರ್ಕೊಂಡಿದ್ದು?”

“ಅವರಿಗೆ ಸಮಾಧಾನ ಆಗ್ಲಿ ಅಂತ... ಸುಮ್ನೆ ಗೀಚ್ತಿದ್ದೆ.”

ಮಗಳಿಗೆ ಮೈಯೆಲ್ಲ ಉರಿಯಿತು. ಅಪ್ಪನಿಂದ ಅಮ್ಮ ಏನನ್ನೂ ಬಯಸಿರಲಿಲ್ಲ. ನಂಬಿದ್ದು ಇವಳೊಬ್ಬಳನ್ನೇ, ಇವಳೂ ಕೈಕೊಟ್ಟಿದ್ದಳು.

“ಈಗ ಅಮ್ಮ ಇಲ್ವಲ್ಲ, ಈ ಸಲ ಏನು ಬರೀತೀರಿ?”

“ಒಂದು ತಲೆ ಕಮ್ಮಿ ಆಯ್ತಲ್ಲ, ತಲಾ ಆದಾಯ... ಜಾಸ್ತಿ ಆಗುತ್ತೆ,” ಎಂದ ಲೆಕ್ಕದಮ್ಮ ತುಟಿ ಕಚ್ಚಿಕೊಂಡಳು.

ಹಜಾರದಲ್ಲಿ ನಾಲ್ವರು ಬಗ್ಗಿ ಅಮ್ಮನನ್ನು ಎತ್ತಿದರು. “ಅಯ್ಯೋ, ಇಷ್ಟೇನಾ ತೂಕ!” ಎಂದನೊಬ್ಬ. ಇನ್ನಿಬ್ಬರು ಕೈಬಿಟ್ಟು ಪಕ್ಕಕ್ಕೆ ಸರಿದರು. ಇಬ್ಬರೇ ಸಾಕಾಗಿತ್ತು.